ಪಾತ್ರ ಏಳುತ್ತಿಲ್ಲವೇ? ದೋಷ ಹುಡುಕುವ ಕ್ರಮ

‘ಕಥಿ ಚಲೋ ಐತ್ರಿ, ಆದ್ರ ಆ ಮನಷ್ಯಾ ಯಾಕೋ ನೆನಪಿನ್ಯಾಗ ನಿಂದ್ರಲಿಲ್ಲ.’

ಕರಡು ಓದಿದವರು ಹೀಗೆಂದಾಗ ಅವರು ಹೇಳಿದ್ದು ಲಕ್ಷಣ ಮಾತ್ರ. ದೋಷ ಎಲ್ಲಿದೆ ಎಂಬುದನ್ನು ಅವರು ಹೇಳಿಲ್ಲ, ಹೇಳುವುದು ಅವರ ಕೆಲಸವೂ ಅಲ್ಲ. ಬರೆದವರು ಸಾಮಾನ್ಯವಾಗಿ ಮಾಡುವುದೇನೆಂದರೆ, ಪಾತ್ರ ಸಪ್ಪೆ ಎಂದು ಕಿವಿಗೆ ಬಿದ್ದ ಕೂಡಲೇ ಅದಕ್ಕೊಂದು ಕುಂಟುಗಾಲು, ಕೆನ್ನೆಯ ಮೇಲೊಂದು ಗಾಯದ ಕಲೆ, ಬಾಲ್ಯದಲ್ಲೇ ತೀರಿಕೊಂಡ ತಾಯಿ, ಇಷ್ಟನ್ನು ತಂದು ಅಂಟಿಸುವುದು. ಎರಡನೇ ಕರಡು ಹತ್ತು ಪುಟ ಹೆಚ್ಚಾಗುತ್ತದೆ. ಪಾತ್ರ ಕೂತಲ್ಲೇ ಕೂತಿರುತ್ತದೆ.

ಹುಡುಕುವುದಕ್ಕೆ ಒಂದು ಕ್ರಮವಿದೆ. ಮೊದಲು ಪಾತ್ರಕ್ಕೆ ಏನು ಬೇಕು ಎಂಬುದು, ಆಮೇಲೆ ಅದಕ್ಕಿರುವ ತಡೆ, ಆಮೇಲೆ ನಷ್ಟ ಮಾಡಿಕೊಂಡು ಮಾಡಿದ ಆಯ್ಕೆ, ಅದರ ನಂತರ ಮಾತು, ಎಲ್ಲಕ್ಕೂ ಕೊನೆಗೆ ವೇಷ, ಹವ್ಯಾಸ, ಹಿನ್ನೆಲೆ. ಮೇಲಿನದು ಕೆಟ್ಟಿದ್ದಾಗ ಕೆಳಗಿನದನ್ನು ಎಷ್ಟು ರಿಪೇರಿ ಮಾಡಿದರೂ ಫಲವಿಲ್ಲ. ಹೆಚ್ಚಿನ ದೋಷಗಳು ಮೊದಲ ಮೂರರಲ್ಲೇ ಸಿಗುತ್ತವೆ. ಹಿನ್ನೆಲೆಯ ಕೊರತೆಯಿಂದ ಸತ್ತ ಪಾತ್ರ ಬಹಳ ಅಪರೂಪ.

ಬೇಕಾದ ಸಾಮಾನು ಕಡಿಮೆ: ಕರಡಿನ ಮುದ್ರಿತ ಪ್ರತಿ, ಒಂದು ಕೆಂಪು ಮತ್ತು ಒಂದು ನೀಲಿ ಪೆನ್ನು, ದೃಶ್ಯಕ್ಕೊಂದರಂತೆ ಅಂಗೈ ಅಗಲದ ರಟ್ಟಿನ ಚೀಟಿ. ಎರಡು ತಾಸಿನ ಚಿತ್ರಕಥೆಗೆ ಐವತ್ತರಿಂದ ಎಪ್ಪತ್ತು ಚೀಟಿ ಇಟ್ಟುಕೊಳ್ಳಿ, ಸಣ್ಣಕಥೆಗೆ ಎಂಟು ಸಾಕು. ಪರದೆಯ ಮೇಲೆ ಓದುತ್ತ ದೋಷ ಹುಡುಕಬೇಡಿ, ಕೈ ತಾನಾಗಿಯೇ ವಾಕ್ಯ ತಿದ್ದಲು ಹೋಗುತ್ತದೆ. ಈಗ ತಿದ್ದಬೇಕಾದದ್ದು ವಾಕ್ಯವಲ್ಲ.

ಸಾರಥಿಯ ಎರಡನೇ ಪ್ರಶ್ನೆ

ಬಯಲಾಟದ ಒಂದು ಬಗೆಯಾದ ದೊಡ್ಡಾಟದಲ್ಲಿ ಪಾತ್ರ ರಂಗಕ್ಕೆ ಬಂದ ಕೂಡಲೇ ಆಟ ನಡೆಸುವ ಸಾರಥಿ ಎದುರು ನಿಂತು ಕೇಳುತ್ತಾನೆ: ತಾವು ಯಾರು, ಈ ಸಭೆಗೆ ಬಂದ ಕಾರಣವೇನು? ನಿಮ್ಮ ಪಾತ್ರವನ್ನು ಇದೇ ಎರಡು ಪ್ರಶ್ನೆಗಳ ಮುಂದೆ ನಿಲ್ಲಿಸಿ. ಮೊದಲನೆಯದಕ್ಕೆ ಎಲ್ಲರೂ ಎರಡು ಪುಟ ಉತ್ತರ ಬರೆಯುತ್ತಾರೆ: ಊರು, ವಯಸ್ಸು, ಓದು, ಸ್ವಭಾವ. ಎರಡನೆಯದಕ್ಕೆ ಬರುವ ಉತ್ತರ ‘ಅವನಿಗೆ ನ್ಯಾಯ ಬೇಕು’, ‘ಅವಳಿಗೆ ಸ್ವಾತಂತ್ರ್ಯ ಬೇಕು’. ದೋಷ ಇಲ್ಲಿದೆ. ನ್ಯಾಯವನ್ನು ಯಾರೂ ಕೈಯಲ್ಲಿ ಹಿಡಿದು ಕೊಡಲಾರರು, ಹಾಗಾಗಿ ಯಾರೂ ತಡೆಯಲಾರರು. ತಡೆಯಲಾಗದ ಬಯಕೆಯಿಂದ ದೃಶ್ಯ ಹುಟ್ಟುವುದಿಲ್ಲ.

ಪರೀಕ್ಷೆ ಹೀಗೆ. ಒಂದು ವಾಕ್ಯದಲ್ಲಿ ನಾಲ್ಕು ಖಾಲಿ ಜಾಗ ತುಂಬಿ: ಇಂಥವನಿಗೆ, ಇಂಥ ದಿನದೊಳಗೆ, ಇಂಥವರ ಕೈಯಿಂದ, ಇಂಥದ್ದು ಬೇಕು. ರಾಯಬಾಗದ ಕಡೆಯ ಕಬ್ಬಿನ ರೈತನನ್ನು ತೆಗೆದುಕೊಳ್ಳಿ. ‘ರೈತರಿಗೆ ಆಗುತ್ತಿರುವ ಅನ್ಯಾಯದ ವಿರುದ್ಧ ಹೋರಾಡುವವನು’ ಎಂದರೆ ನಾಲ್ಕೂ ಜಾಗ ಖಾಲಿಯೇ. ‘42 ಟನ್ ಕಬ್ಬಿನ ಬಿಲ್ಲು, ತಂಗಿಯ ಮದುವೆಯ ಅಕ್ಕಿಕಾಳು ಬೀಳುವುದರೊಳಗೆ, ಕಾರ್ಖಾನೆಯ ಹಿಶೋಬಿನವನ ಕೈಯಿಂದ ಬೇಕು’ ಎಂದರೆ ತುಂಬಿದವು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ತೂಗಿಸಿದ 14 ದಿನಗಳಲ್ಲಿ ಕಾರ್ಖಾನೆ ಹಣ ಕೊಡಬೇಕು. ಕಥೆಯನ್ನು ಹದಿನೈದನೇ ದಿನದಿಂದ ಶುರು ಮಾಡಿದರೆ ಹಿನ್ನೆಲೆ ವಿವರಿಸುವ ಆರು ಪುಟ ಉಳಿಯುತ್ತವೆ.

ದಿನದ ಗಡುವು ಸಿಗದಿದ್ದರೆ ಆ ಕಸುಬಿನೊಳಗೇ ಹುಡುಕಿ, ಹೊರಗಿನಿಂದ ತರಬೇಡಿ. ಕಡಿದ ಕಬ್ಬು ಕಡಿದ ಹೊತ್ತಿನಿಂದಲೇ ಒಣಗುತ್ತದೆ. ತೂಕವೂ ಹೋಗುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ಒಂದು ದಿನದೊಳಗೆ ಗಾಣಕ್ಕೆ ಬೀಳಬೇಕಾದದ್ದು ಕಾರ್ಖಾನೆ ಗೇಟಿನ ಹೊರಗೆ ಟ್ರ್ಯಾಕ್ಟರ್ ಸಾಲಿನಲ್ಲಿ ನಿಂತಿದೆ ಎಂದರೆ ಗಡಿಯಾರ ಓಡುತ್ತಿದೆ ಎಂದೇ ಅರ್ಥ. ಇದು ಬಿಟ್ಟು ಬಾಂಬು, ಅಪಹರಣ, ಕ್ಯಾನ್ಸರಿನ ಕೊನೆಯ ಮೂರು ತಿಂಗಳು ಎಂದು ಹೊರಟರೆ ಪಾತ್ರ ಎಲ್ಲಿಯವನೂ ಆಗುವುದಿಲ್ಲ.

ಬೇಕಾದ್ದು ಗೊತ್ತಿದೆ, ಆದರೂ ಪಾತ್ರ ಮಲಗಿದೆ

ಇದು ಎಲ್ಲಕ್ಕಿಂತ ಹೆಚ್ಚು ಕಾಣುವ ದೋಷ, ತುಸು ನಿಧಾನವಾಗಿ ನೋಡಬೇಕು. ಲಕ್ಷಣ: ಕಥೆಯಲ್ಲಿ ಬಹಳಷ್ಟು ನಡೆಯುತ್ತದೆ, ಎಲ್ಲವೂ ನಾಯಕನ ಮೇಲೆ ನಡೆಯುತ್ತದೆ. ಅವನು ನೋಡುತ್ತಾನೆ, ಕೇಳುತ್ತಾನೆ, ನಿಟ್ಟುಸಿರು ಬಿಡುತ್ತಾನೆ.

ಕೆಂಪು ಪೆನ್ನು ಹಿಡಿದು, ಪಾತ್ರ ಎರಡರಲ್ಲಿ ಒಂದನ್ನು ಆರಿಸಿಕೊಂಡ ಪ್ರತಿ ಜಾಗದಲ್ಲಿ ಗೆರೆ ಎಳೆಯಿರಿ. ಪಕ್ಕದ ಅಂಚಿನಲ್ಲಿ ನೀಲಿ ಪೆನ್ನಿನಿಂದ, ಆ ಆಯ್ಕೆಯಿಂದ ಅದು ಏನು ಕಳೆದುಕೊಂಡಿತು ಎಂದು ಬರೆಯಿರಿ. ಬರೆಯಲು ಏನೂ ಸಿಗದಿದ್ದರೆ ಕೆಂಪು ಗೆರೆ ಅಳಿಸಿ, ಅದು ಆಯ್ಕೆಯಲ್ಲ. ಒಳ್ಳೆಯದು ಮತ್ತು ಕೆಟ್ಟದ್ದರ ನಡುವೆ ಒಳ್ಳೆಯದನ್ನು ಆರಿಸಿದ್ದೂ ಲೆಕ್ಕಕ್ಕಿಲ್ಲ, ಅದನ್ನು ಯಾರಾದರೂ ಮಾಡುತ್ತಾರೆ. ಮುಖ್ಯ ಪಾತ್ರದ ಸತತ ಮೂರು ದೃಶ್ಯಗಳಲ್ಲಿ ಕೆಂಪು ಇಲ್ಲ ಎಂದರೆ ಎಂಜಿನ್ ನಿಂತಿದೆ. ಕಥೆಯ ಮೊದಲ ಮೂರನೇ ಒಂದು ಭಾಗ ಮುಗಿದರೂ ಒಂದೇ ಒಂದು ಕೆಂಪು ಗೆರೆ ಇಲ್ಲದಿದ್ದರೆ, ಅದುವರೆಗೆ ಬರೆದದ್ದು ಮುನ್ನುಡಿ.

ಬಾಗಲಕೋಟೆ ಜಿಲ್ಲೆಯಲ್ಲಿ ಆಲಮಟ್ಟಿ ಹಿನ್ನೀರಿನಿಂದಾದ ಮುಳುಗಡೆಯ ಮೇಲೆ ಬರೆಯುವವರಲ್ಲಿ ಈ ದೋಷ ಪದೇಪದೇ ಕಾಣುತ್ತದೆ. ಹಿನ್ನೀರಿನ ದಂಡೆಯಲ್ಲಿ ಒಬ್ಬ ಮುದುಕಿ ನಿಂತು ನೀರು ನೋಡುತ್ತಾಳೆ. ಮುಂದಿನ ದೃಶ್ಯದಲ್ಲೂ ನೋಡುತ್ತಾಳೆ. (ನೀರು ನೋಡುವ ಮುದುಕಿಯ ಮೇಲೆ ಕಿರುಚಿತ್ರದವರಿಗೆ ಅದೇನು ಪ್ರೀತಿಯೋ.) ನೋವು ನಿಜ, ಆದರೆ ಮುಳುಗಿಹೋದದ್ದರ ಬಗ್ಗೆ ಮಾಡಲು ಏನೂ ಉಳಿದಿಲ್ಲ, ಹಾಗಾಗಿ ಪಾತ್ರಕ್ಕೆ ಕೆಲಸವಿಲ್ಲ. ಮುಳುಗಬಹುದಾದದ್ದಕ್ಕೆ ಬನ್ನಿ. ಆಲಮಟ್ಟಿ ಜಲಾಶಯದ ಪೂರ್ಣ ಮಟ್ಟ 519.60 ಮೀಟರ್. ಅದನ್ನು 524.256 ಮೀಟರ್‌ಗೆ ಏರಿಸಲು ಕೃಷ್ಣಾ ನದಿ ನೀರು ಹಂಚಿಕೆಯ ಎರಡನೇ ನ್ಯಾಯಮಂಡಳಿ 2010ರಲ್ಲಿ ಅವಕಾಶ ಕೊಟ್ಟಿತು. ಈ ಎರಡು ಅಂಕಿಗಳ ನಡುವೆ ನಾಲ್ಕೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚು ಎತ್ತರದ ನೆಲವಿದೆ, ಅದರ ಮೇಲೆ ಮನೆಗಳಿವೆ.

ಆ ನೆಲದಲ್ಲಿ ಬಸಪ್ಪ ಎಂಬೊಬ್ಬನನ್ನು ಕೂಡಿಸಿ. ಗೋಡೆ ಬಿರುಕು ಬಿಟ್ಟಿದೆ. ಕಟ್ಟಿಸಿದರೆ, ನಾಳೆ ನೀರು ಬಂದಾಗ ದುಡ್ಡು ನೀರಿಗೆ. ಕಟ್ಟಿಸದಿದ್ದರೆ, ನೀರು ಇನ್ನೂ ಹತ್ತು ವರ್ಷ ಬರದೆ ಹೋದಾಗ ಸೊಸೆ ಮೊಮ್ಮಗನನ್ನು ಕರೆದುಕೊಂಡು ತವರಿಗೆ. ಪಕ್ಕದವನು ಪರಿಹಾರ ಹೆಚ್ಚು ಬರಲೆಂದೇ ಅವಸರದಲ್ಲಿ ಎರಡು ಖೋಲಿ ಏರಿಸುತ್ತಿದ್ದಾನೆ. ಎದುರಿನವನು ಸಿಕ್ಕ ಬೆಲೆಗೆ ಮಾರಿ ಎದ್ದುಹೋದ. ಒಂದೇ ಓಣಿಯ ಈ ಮೂವರ ಮೂಗು, ಮೀಸೆ, ಮಾತಿನ ಶೈಲಿ ಏನನ್ನೂ ನಾವಿನ್ನೂ ಹೇಳಿಲ್ಲ. ಆದರೂ ಅವರು ಬೇರೆಬೇರೆಯಾಗಿ ಕಾಣುತ್ತಿದ್ದಾರೆ. ಒಂದೇ ಒತ್ತಡಕ್ಕೆ ಮೂರು ಉತ್ತರ ಕೊಟ್ಟಿದ್ದೇ ಅದಕ್ಕೆ ಕಾರಣ.

ಇನ್ನೊಂದು ಅಡ್ಡ ಪರೀಕ್ಷೆ. ಚೀಟಿಗಳನ್ನು ನೆಲದ ಮೇಲೆ ಸಾಲಾಗಿ ಹಾಸಿ, ಒಂದಕ್ಕೂ ಮುಂದಿನದಕ್ಕೂ ನಡುವೆ ‘ಆದ್ದರಿಂದ’, ‘ಆದರೆ’, ‘ಆಮೇಲೆ’ ಇವುಗಳಲ್ಲಿ ಯಾವುದು ಕೂಡುತ್ತದೆ ಎಂದು ಬರೆಯಿರಿ. ‘ಆಮೇಲೆ’ ಹೆಚ್ಚಾದ ಕಡೆ ಪಾತ್ರವನ್ನು ಕಥೆ ಎಳೆಯುತ್ತಿದೆ. ಆ ಜಾಗಕ್ಕೆ ಹೊಸ ದೃಶ್ಯ ಸೇರಿಸಬೇಡಿ. ಹಿಂದಿನ ದೃಶ್ಯದ ಕೊನೆಯಲ್ಲಿ ಪಾತ್ರದಿಂದ ಒಂದು ತಪ್ಪು ಹೆಜ್ಜೆ ಇಡಿಸಿದರೆ ಸಾಕು, ಮುಂದಿನದು ತಾನೇ ‘ಆದ್ದರಿಂದ’ ಆಗುತ್ತದೆ.

ವಿವರ ರಾಶಿ ಇದೆ, ಜೀವವಿಲ್ಲ

ಊರು ಬಲ್ಲವರು ಬರೆದಾಗ ಬರುವ ದೋಷ ಇದು. ಇಳಕಲ್ಲಿನ ನೇಕಾರಳ ಪಾತ್ರವೆಂದರೆ ಕುಣಿಮಗ್ಗ, ಲಾಳಿಯ ಸದ್ದು, ದಡಿಯ ಬಣ್ಣ, ಟೋಪು ತೆನಿಯ ಸೆರಗು, ಎಲ್ಲ ಸರಿಯಾಗಿ ಬಂದಿರುತ್ತವೆ. ಓದಿದವರಿಗೆ ಸೀರೆ ನೆನಪಿರುತ್ತದೆ, ನೇಯ್ದವಳು ನೆನಪಿರುವುದಿಲ್ಲ.

ಪರೀಕ್ಷೆ ಸುಲಭ. ವಿವರವನ್ನು ಅಳಿಸಿ ನೋಡಿ. ದೃಶ್ಯದ ಫಲಿತಾಂಶ ಬದಲಾಗದಿದ್ದರೆ ಅದು ಅಲಂಕಾರ. ಬದಲಾದರೆ ಅದು ಪಾತ್ರದ ಭಾಗ.

ಇಳಕಲ್ ಸೀರೆಯಲ್ಲಿ ಮೈಯ ಹಾಸೆಳೆಗಳನ್ನು (ಉದ್ದನೆಯ ಎಳೆಗಳನ್ನು) ಸೆರಗಿನ ಹಾಸೆಳೆಗಳಿಗೆ ಕೊಂಡಿಕೊಂಡಿಯಾಗಿ ಕೂಡಿಸುತ್ತಾರೆ. ಸೆರಗಿಗೆ ಸಂಪ್ರದಾಯದಂತೆ ರೇಷ್ಮೆ, ಅಗ್ಗಕ್ಕೆ ಕೃತಕ ರೇಷ್ಮೆಯೂ ಬಳಕೆಯಲ್ಲಿದೆ. ಈಗ ಗಂಗವ್ವನ ಹತ್ತಿರ ಮದುವೆಯ ಸೀರೆಯೊಂದಕ್ಕೆ ಮುಂಗಡ ಬಂದಿದೆ, ರೇಷ್ಮೆ ತರಲು ಇಟ್ಟ ದುಡ್ಡು ಮಗನ ಕಾಲೇಜಿನ ಫೀಗೆ ಹೋಗಿದೆ. ಅವಳು ಕೃತಕ ನೂಲನ್ನು ಕೂಡಿಸುತ್ತಾಳೆ. ನೋಡಲು ಬಂದ ಬೀಗತಿ ಸೆರಗಿನ ತುದಿಯಿಂದ ಒಂದು ಎಳೆ ಕಿತ್ತು ಬೆಂಕಿಕಡ್ಡಿ ಗೀರುತ್ತಾಳೆ. ಅಸಲು ರೇಷ್ಮೆ ಸುಟ್ಟ ಕೂದಲಿನ ವಾಸನೆ ಬೀರಿ ಪುಡಿಯಾಗುತ್ತದೆ. ರೇಯಾನ್ ಕಾಗದದ ಹಾಗೆ ಉರಿಯುತ್ತದೆ. ಕಡ್ಡಿ ಹತ್ತಿದ ಕ್ಷಣದಿಂದ ವಾಸನೆ ಬರುವವರೆಗಿನ ಆ ಎರಡು ಸೆಕೆಂಡಿನಲ್ಲಿ ಗಂಗವ್ವ ಏನು ಮಾಡುತ್ತಾಳೆ ಎಂಬುದನ್ನು ಬರೆದರೆ ಪಾತ್ರ ಸಿಕ್ಕಿತು. ದೀಪ ಆರಿಸುವಳೇ, ತಾನೇ ಬಾಯಿಬಿಟ್ಟು ಹೇಳುವಳೇ, ಬೀಗತಿಯ ಹಳೆಯ ಬಾಕಿಯ ಮಾತು ತೆಗೆಯುವಳೇ? ಈಗ ನೂಲಿನ ವಿವರ ಅಳಿಸಿದರೆ ದೃಶ್ಯವೇ ಇಲ್ಲ.

ಮುದ್ದಾಂ ನೆನಪಿಡಬೇಕಾದ ಪ್ರಮಾಣ: ಹೊಸ ಪಾತ್ರ ಬಂದಾಗ ಎರಡು ವಿವರ, ಅದರಲ್ಲಿ ಒಂದು ಮುಂದೆ ಕೆಲಸಕ್ಕೆ ಬರುವಂಥದ್ದು. ಐದನೆಯದನ್ನು ಓದುವ ಹೊತ್ತಿಗೆ ಓದುಗರು ಮೊದಲನೆಯದನ್ನು ಬಿಟ್ಟಿರುತ್ತಾರೆ.

ಎಲ್ಲರದೂ ಒಂದೇ ಬಾಯಿ

ಎರಡು ಪುಟ ಸಂಭಾಷಣೆ ತೆಗೆದುಕೊಂಡು ಮಾತಾಡುವವರ ಹೆಸರುಗಳ ಮೇಲೆ ಕಾಗದದ ಪಟ್ಟಿ ಇಡಿ. ಕಥೆ ಓದಿರದ ಒಬ್ಬರಿಂದ ಗಟ್ಟಿಯಾಗಿ ಓದಿಸಿ. ಯಾರ ಮಾತು ಯಾರದು ಎಂದು ಕೇಳುಗರಿಗೆ ತಿಳಿಯದಿದ್ದರೆ ದೋಷವಿದೆ. ಆಗ ಎಲ್ಲರೂ ಮಾಡುವ ರಿಪೇರಿ ಎಂದರೆ ಪಠ್ಯಪುಸ್ತಕದ ಕನ್ನಡವನ್ನು ಆಡುಮಾತಿಗೆ ತಿರುಗಿಸುವುದು. ಅದರಿಂದ ಹೀಗಾಗುತ್ತದೆ:

‘ಯಪ್ಪಾ, ನಮ್ಮ ಮನಿ ಮುಳುಗಡಿಗಿ ಹೊಕ್ಕೈತಂತ ನನಗ ಭಾಳ ಹೆದರಿಕಿ ಆಗಾಕತ್ತೈತಿ.’
‘ಹೌದೋ ತಮ್ಮಾ, ನನಗೂ ಹೆದರಿಕಿ ಆಗಾಕತ್ತೈತಿ. ಇದು ನಮ್ಮ ಹಿರ್ಯಾರ ಮನಿ.’

ಭಾಷೆ ಬಾಗಲಕೋಟೆಯದು, ರೋಗ ಹಾಗೇ ಇದೆ. ಇಬ್ಬರೂ ಮನಸ್ಸಿನಲ್ಲಿದ್ದದ್ದನ್ನೇ ಪೂರ್ತಿ ಹೇಳುತ್ತಿದ್ದಾರೆ. ಮನಸ್ಸಿನಲ್ಲಿದ್ದದ್ದನ್ನು ಬಿಟ್ಟು ಕೈಯಲ್ಲಿರುವ ಕೆಲಸದ ಮಾತಾಡಿಸಿ:

‘ಸಿಮೆಂಟ್ ಎಷ್ಟ್ ಚೀಲ ತರ್ಲಿ?’
‘ಮಣ್ಣು ಐತಲ್ಲ.’
‘ಮಣ್ಣಿನ ಗ್ವಾಡಿ ಇನ್ನೊಂದ್ ಮಳಿ ತಡಿಯಾಂಗಿಲ್ಲ.’
‘ಒಂದ್ ಮಳಿ ಸಾಕು.’

ಭಯ ಎಂಬ ಮಾತಿಲ್ಲ, ಹಿರಿಯರೂ ಇಲ್ಲ. ಮಗ ಕಟ್ಟಿಸಬೇಕೆನ್ನುವವನು, ಅಪ್ಪ ಬಿಟ್ಟುಕೊಟ್ಟವನು ಎಂದು ಹೆಸರು ಮುಚ್ಚಿದರೂ ತಿಳಿಯುತ್ತದೆ.

ಆಡುಮಾತು ಬೇಡವೆಂದಲ್ಲ. ಆದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ಮೂರು ಜಿಲ್ಲೆಗಳಿಗೆ ಒಂದೇ ‘ಉತ್ತರ ಕರ್ನಾಟಕ ಭಾಷೆ’ ಹಚ್ಚುವುದು ಎದ್ದು ಕಾಣುವ ತಪ್ಪು, ಮೊದಲು ಹಿಡಿಯುವವರು ಅಲ್ಲಿಯವರೇ. ಬೆಳಗಾವಿ, ಬಾಗಲಕೋಟೆಯ ಹಳ್ಳಿಗಳಲ್ಲಿ ‘ಐತಿ’, ‘ಮಾಡಾಕತ್ತಾನ’ ಹೆಚ್ಚು. ವಿಜಯಪುರದ ಕಡೆ ‘ಅದ’ ಕೇಳುತ್ತದೆ. ಸಿಂದಗಿ, ಇಂಡಿಯತ್ತ ಸರಿದಂತೆ ಕಲಬುರಗಿಯ ‘ಮಾಡ್ಲತ್ತಾನ’ ಹತ್ತಿರವಾಗುತ್ತದೆ. ಒಂದು ಪಾತ್ರಕ್ಕೆ ಇಂಥ ಐದಾರು ಗುರುತು ಆರಿಸಿ, ಚೀಟಿಯ ಹಿಂದೆ ಬರೆದಿಟ್ಟು, ಕೊನೆಯವರೆಗೆ ಅದನ್ನೇ ಪಾಲಿಸಿ. ಪ್ರತಿ ಶಬ್ದವನ್ನೂ ಉಚ್ಚಾರದಂತೆ ಬರೆಯಲು ಹೋದರೆ ಓದುವವರು ಒತ್ತಕ್ಷರ ಬಿಡಿಸುತ್ತ ಕೂಡಬೇಕಾಗುತ್ತದೆ.

ಇದಕ್ಕಿಂತ ಹೆಚ್ಚು ಕೆಲಸ ಮಾಡುವುದು ಸಂಬೋಧನೆ. ಮೂರು ದೃಶ್ಯಗಳಲ್ಲಿ ‘ನೀವು’, ‘ಬರ್ರಿ’ ಎಂದವನು ನಾಲ್ಕನೆಯದರಲ್ಲಿ ‘ನೀ ಹೇಳಬ್ಯಾಡ’ ಎಂದರೆ ಅದೊಂದು ಘಟನೆ, ಕೈ ಎತ್ತುವ ಅಗತ್ಯವಿಲ್ಲ. ಬೆಳಗಾವಿಯ ಪಾತ್ರ ಮರಾಠಿಗೆ, ವಿಜಯಪುರದ್ದು ದಖನಿ ಉರ್ದುವಿಗೆ ಯಾವಾಗ ಹೊರಳುತ್ತದೆ ಎಂಬುದನ್ನೂ ಹೀಗೇ ನಿರ್ಧರಿಸಿ. ದುಡ್ಡು ಎಣಿಸುವಾಗ ಮಾತ್ರ ಮರಾಠಿಗೆ ಹೋಗುವವನು ಒಬ್ಬ, ಸಿಟ್ಟು ಬಂದಾಗ ಮಾತ್ರ ಹೋಗುವವನು ಇನ್ನೊಬ್ಬ. ಬಣ್ಣಕ್ಕೆಂದು ಎಲ್ಲೆಂದರಲ್ಲಿ ಎರಡು ಮರಾಠಿ ಶಬ್ದ ಉದುರಿಸಿದರೆ ಇಬ್ಬರೂ ಅಲ್ಲ.

ಸಾಹುಕಾರ ಬಂದ ಕೂಡಲೇ ಓದುಗರಿಗೆ ಎಲ್ಲ ಗೊತ್ತಾಗುತ್ತದೆ

ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ಡೇರೆ ಹಾಕುವ ನಾಟಕ ಕಂಪನಿಗಳ ಮೀಸೆ ತಿರುವುವ ಗೌಡ ಅಲ್ಲಿ ದೋಷವಲ್ಲ. ಪ್ರೇಕ್ಷಕರು ಅವನನ್ನು ಗುರುತಿಸಿ ಶಿಳ್ಳೆ ಹೊಡೆಯಲೆಂದೇ ಬಂದಿರುತ್ತಾರೆ, ನಟ ತನ್ನ ದನಿ, ನಡೆಯಿಂದ ಆ ಅಚ್ಚನ್ನು ತುಂಬುತ್ತಾನೆ. ಅದೇ ಗೌಡನನ್ನು ಪುಟದ ಮೇಲೆ ತಂದಾಗ ತುಂಬುವ ನಟನಿಲ್ಲ.

ರಿಪೇರಿಗೆ ಒಂದೇ ದಾರಿ: ಅವನು ಒಂದು ವಿಷಯದಲ್ಲಿ ಸರಿಯಾಗಿರಬೇಕು. ನೂರಕ್ಕೆ ತಿಂಗಳಿಗೆ ಮೂರರಂತೆ ಎರಡು ಲಕ್ಷ ಕೊಟ್ಟವನು ವರ್ಷಕ್ಕೆ 72,000 ಬಡ್ಡಿ ಎಣಿಸುತ್ತಾನೆ, ಸುಲಿಗೆಯೇ. ಆದರೆ ಬ್ಯಾಂಕು ಉತಾರ (ಪಹಣಿ) ತಾ, ಜಾಮೀನು ತಾ ಎಂದು ಅಲೆಸುತ್ತಿದ್ದಾಗ, ರಾತ್ರಿ ಹನ್ನೊಂದಕ್ಕೆ ದವಾಖಾನೆಯ ಬಾಗಿಲಿಗೆ ನಗದು ತಂದವನೂ ಅವನೇ. ಅದನ್ನು ಅವನ ಬಾಯಿಂದ ಹೇಳಿಸಬೇಡಿ, ಸಾಲಗಾರನ ಹೆಂಡತಿಯ ಬಾಯಿಂದ ಹೇಳಿಸಿ. ನಾಯಕನಿಗೆ ಆ ಕ್ಷಣದಲ್ಲಿ ಉತ್ತರ ಸಿಗಬಾರದು.

ಹೆಸರುಗಳು ಕಲೆಸುತ್ತವೆ

ಊರಲ್ಲಿ ಬಸಪ್ಪ, ಬಸವ್ವ, ಬಸಲಿಂಗ, ಬಸವಂತ ಒಂದೇ ಓಣಿಯಲ್ಲಿರುವುದು ಸಹಜ. ಕಥೆಯಲ್ಲಿ ಬೇಡ. ಮುಖ್ಯರಾದ ಐದು ಜನರ ಮೊದಲ ಅಕ್ಷರ ಬೇರೆ ಇರಲಿ. ಅಡ್ಡಹೆಸರಿನಿಂದ ಕರೆಯುವ ಈ ಕಡೆಯ ರೂಢಿ ಕೈಗೆ ಬರುತ್ತದೆ: ಉಳ್ಳಾಗಡ್ಡಿ, ಮೆಣಸಿನಕಾಯಿ, ಅಂಗಡಿ ಎಂದು ಒಮ್ಮೆ ಕೇಳಿದರೆ ಸಾಕು. ಆದರೆ ಅಡ್ಡಹೆಸರು ಹಲವೊಮ್ಮೆ ಜಾತಿಯನ್ನೂ ಹೇಳಿಬಿಡುತ್ತದೆ. ಹೇಳಬೇಕೋ ಬೇಡವೋ ಎಂದು ಹೆಸರಿಡುವ ಮೊದಲೇ ಯೋಚಿಸಿ.

ಕೊನೆಯಲ್ಲಿ ದಿಢೀರನೆ ಒಳ್ಳೆಯವಳಾದಳು

ಗಂಗವ್ವ ಕೊನೆಯ ದೃಶ್ಯದಲ್ಲಿ ಏಕಾಏಕಿ ಸತ್ಯ ಹೇಳಿದರೆ ಓದುಗರು ನಂಬುವುದಿಲ್ಲ. ಹಿಂದೆ ಹೋಗಿ ಎರಡು ಮೆಟ್ಟಿಲು ಹುಡುಕಿ. ಮೊದಲ ಸಲ ಸುಳ್ಳು ಹೇಳಿ ಪೂರ್ತಿ ದುಡ್ಡು ತೆಗೆದುಕೊಂಡಳು. ಎರಡನೇ ಸಲ ಸುಳ್ಳನ್ನೂ ಹೇಳಲಿಲ್ಲ, ಸತ್ಯವನ್ನೂ ಹೇಳಲಿಲ್ಲ, ಬೆಲೆ ಮಾತ್ರ ಇಳಿಸಿದಳು. ಈ ಅರ್ಧ ಹೆಜ್ಜೆ ಬಹಳ ಕರಡುಗಳಲ್ಲಿ ಇರುವುದಿಲ್ಲ. ಅದೊಂದನ್ನು ಸೇರಿಸಿದರೆ ಕೊನೆಯ ದೃಶ್ಯವನ್ನು ಮುಟ್ಟುವುದೇ ಬೇಕಾಗದು.

ಚಿತ್ರಕಥೆಗಷ್ಟೇ ಬರುವ ದೋಷ

‘ಅವನ ಮನದಲ್ಲಿ ಹಳೆಯ ಊರಿನ ನೆನಪು ಸುಳಿಯುತ್ತದೆ’ ಎಂಬ ಸಾಲನ್ನು ಕ್ಯಾಮೆರಾ ಹಿಡಿಯಲಾರದು. ‘ಬಾಗಲಕೋಟೆಯ ಹೊಸ ಊರು ನವನಗರದಲ್ಲಿ ಆಟೋದವನು ಸೆಕ್ಟರ್ ಯಾವುದೆಂದು ಕೇಳಿದರೆ ನಂಬರ್ ಹೇಳದೆ, ಮುಳುಗಿದ ಪೇಟೆಯ ಓಣಿಯ ಹೆಸರು ಹೇಳುತ್ತಾನೆ’ ಎಂದರೆ ಹಿಡಿಯಬಹುದು. ನೀಲಿ ಪೆನ್ನಿನಿಂದ ಕಾಣದ, ಕೇಳದ ಸಾಲುಗಳನ್ನೆಲ್ಲ ಗುರುತು ಮಾಡಿ. ಒಂದೊಂದನ್ನೂ ಕೆಲಸಕ್ಕೆ ಬದಲಿಸಿ, ಆಗದಿದ್ದರೆ ತೆಗೆಯಿರಿ. ಇಂಗ್ಲಿಷ್ ಚಿತ್ರಕಥೆಯಲ್ಲಿ ಪಾತ್ರ ಮೊದಲ ಸಲ ಬಂದಾಗ ಹೆಸರು ದೊಡ್ಡಕ್ಷರದಲ್ಲಿರುತ್ತದೆ. ನಮ್ಮ ಲಿಪಿಯಲ್ಲಿ ಅದಿಲ್ಲ, ದಪ್ಪಕ್ಷರ ಮಾಡಿ. ಪುಟಕ್ಕೊಂದು ನಿಮಿಷ ಎಂಬ ಲೆಕ್ಕವೂ ಕೊರಿಯರ್ ಅಕ್ಷರದ 12 ಪಾಯಿಂಟಿನ ಪುಟಕ್ಕೆ ಹುಟ್ಟಿದ್ದು. ಕನ್ನಡ ಕರಡನ್ನು ಗಟ್ಟಿಯಾಗಿ ಓದಿ, ಕೈಗಡಿಯಾರದಲ್ಲಿ ಅಳೆಯುವುದೇ ಸರಿ.

ಯಾವುದೂ ಆಗದಿದ್ದರೆ

ಎಲ್ಲ ಪರೀಕ್ಷೆ ಮುಗಿದ ಮೇಲೂ ಒಂದು ಪಾತ್ರ ಏಳದಿದ್ದರೆ, ಅದು ಮಾಡುವ ಕೆಲಸವನ್ನು ಇನ್ನೊಂದು ಪಾತ್ರ ಈಗಾಗಲೇ ಮಾಡುತ್ತಿದೆ ಎಂದು ತಿಳಿಯಿರಿ. ನಾಯಕನಿಗೆ ಬುದ್ಧಿ ಹೇಳುವ ಗೆಳೆಯ ಮತ್ತು ಬುದ್ಧಿ ಹೇಳುವ ಕಾಕಾ ಇಬ್ಬರೂ ಇದ್ದರೆ ಒಬ್ಬರನ್ನು ತೆಗೆದು ಇನ್ನೊಬ್ಬರಲ್ಲಿ ಕೂಡಿಸಿ. ಕೂಡಿಸುವಾಗ ಇಬ್ಬರ ವಿರುದ್ಧ ಗುಣಗಳನ್ನು ಉಳಿಸಿ, ಒಂದೇ ಥರದ್ದನ್ನು ಬಿಡಿ. ಹಾಗೆ ಹುಟ್ಟಿದ ಪಾತ್ರ ಮೊದಲಿನ ಎರಡಕ್ಕಿಂತ ಸಾಮಾನ್ಯವಾಗಿ ಗಟ್ಟಿ ಇರುತ್ತದೆ.

ಕೂಡಿಸಿದ ಮೇಲೆ ಕಂಪ್ಯೂಟರಿನಲ್ಲಿ ಹೆಸರು ಹುಡುಕಿ ಬದಲಿಸುವುದನ್ನು ನಂಬಬೇಡಿ. ‘ಮಲ್ಲಪ್ಪ’ ಜಾಗಕ್ಕೆ ‘ಶಾಂತವ್ವ’ ಹಾಕಿದರೆ ‘ಶಾಂತವ್ವ ಬಂದನು’ ಎಂದೆಲ್ಲ ಉಳಿಯುತ್ತವೆ. ಗೆಳೆಯರು ಕರೆಯುವ ‘ಮಲ್ಲ್ಯಾ’ ಹುಡುಕಾಟಕ್ಕೆ ಸಿಗುವುದೇ ಇಲ್ಲ. ಹಳೆಯ ನುಡಿ ತಂತ್ರಾಂಶದ ಅಕ್ಷರದಲ್ಲಿ ಟೈಪ್ ಮಾಡಿದ ಕಡತವಾದರೆ ಮೊದಲು ಯುನಿಕೋಡ್‌ಗೆ ತಿರುಗಿಸಿಕೊಳ್ಳಿ, ಆಮೇಲೆ ಸಾಲುಸಾಲಾಗಿ ಓದಿ ತಿದ್ದಿ.